ಬಾದಾಮಿಯಿಂದ ಕಡಲ ಕಡೆಗೆ

ಬಾದಾಮಿಯವರ ಕರಾವಳಿ ಪ್ರವಾಸ ಹೊಸತಲ್ಲವೆಂಬುದಕ್ಕೆ ಐಹೊಳೆಯ ಮೇಗುತಿ ಗುಡಿಯಲ್ಲಿರುವ, ಕ್ರಿ.ಶ. 634ರ ರವಿಕೀರ್ತಿಯ ಪ್ರಶಸ್ತಿಯೇ, ಅಂದರೆ ಅರಸರನ್ನು ಹೊಗಳುವ ಶಾಸನವೇ, ಸಾಕ್ಷಿಯಾಗಿದ್ದು, ಅದರಂತೆ ಬಾದಾಮಿಯ ಚಾಲುಕ್ಯ ಅರಸ ಮಂಗಳೇಶನು ಪಡೆಯೊಡನೆ ಹೋಗಿ ಪಶ್ಚಿಮ ತೀರದ ರೇವತೀದ್ವೀಪವನ್ನು ಗೆದ್ದನು; ಇದನ್ನು ಸಾಂಸ್ಕೃತಿಕ ವಿನಿಮಯವೆನ್ನಲು ದ್ವೀಪದವರು ಒಪ್ಪುತ್ತಿರಲಿಲ್ಲವೇನೋ. ಇಂದು ಅದೇ ಸೀಮೆಯ ಹುನಗುಂದ, ಇಳಕಲ್ಲಿನ ಯುವಜನರು ಕಲೆ ಹಾಗೂ ಸಮಾನತೆಯ ಶಿಬಿರಕ್ಕೆಂದು ಉಡುಪಿಯತ್ತ ಹೊರಟರೆ, ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟೇ ಅವರ ಚತುರಂಗ ಬಲ. ಅಲ್ಲಿ ಯಕ್ಷಗಾನದ ಸ್ತ್ರೀವೇಷ, ಎಂದರೆ ಸಂಪ್ರದಾಯದಲ್ಲಿ ಗಂಡಸರೇ ಕಟ್ಟುತ್ತ ಬಂದ ಹೆಣ್ಣುಪಾತ್ರ, ರಂಗಕ್ಕೆ ಬಂದೊಡನೆ ಇಳಕಲ್ಲಿನವರ ಕಣ್ಣು ಅಭಿನಯವನ್ನು ಬಿಟ್ಟು ಸೆರಗಿಗೆ ಅಂಟಿಕೊಳ್ಳುವುದು ಸಹಜ, ಏಕೆಂದರೆ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆ ಹಾಸನ್ನು ಕುಣಿಕೆ ಹಾಕಿ ಕೂಡಿಸುವ ‘ಕೊಂಡಿ’ ಅವರ ಮನೆಯ ವಿದ್ಯೆ. ಮಗ್ಗಕ್ಕೆ ಮುಂಚಿನ ದುಡಿಮೆಯ ಬಹುಪಾಲು ಹೆಂಗಸರದ್ದಾಗಿ, ಹೆಸರು ಮಾತ್ರ ಮಗ್ಗದ ಮುಂದೆ ಕೂತ ಗಂಡಸಿಗೆ ಸಲ್ಲುವುದರಿಂದ, ಸಮಾನತೆಯ ಗೋಷ್ಠಿಯಲ್ಲಿ ಇವರಿಗೆ ವಿಷಯದ ಬರವಿಲ್ಲ. ರೊಟ್ಟಿಯ ಬದಲು ಕರಾವಳಿಯ ಕುಚ್ಚಲಕ್ಕಿ ಗಂಜಿ ಎದುರಿಗೆ ಬಂದಾಗ ಮಾತ್ರ ಚರ್ಚೆ ತುಸು ತಣ್ಣಗಾಗುತ್ತದೆ.