ಮೂತಿ ತಿಕ್ಕಿ ಎಂದ ಹಿತೈಷಿಗಳಿಗೆ

ಮಾನ್ಯರೇ,

ನಮ್ಮ ಮನೆಗೆ ನಾಯಿಮರಿ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕರೆಯದೆಯೂ ಬಂದು, ಕೊಟ್ಟ ಕಾಫಿ ಕುಡಿದು, ಅದಕ್ಕೆ ಶಿಸ್ತು ಕಲಿಸುವ ಬಗೆಯನ್ನು ವಿವರಿಸಿ ಹೋದ ನಿಮಗೆಲ್ಲ ಅನಂತ ವಂದನೆಗಳು. ನಿಮ್ಮಲ್ಲಿ ಹೆಚ್ಚಿನವರು ನಾಯಿ ಸಾಕಿದವರಲ್ಲ. ನಿಮ್ಮ ಮಾತಿನಲ್ಲಿ ಎಳ್ಳಷ್ಟೂ ಅನುಮಾನ ಇಣುಕದೇ ಇದ್ದದ್ದು ಬಹುಶಃ ಅದಕ್ಕೇ.

"ಉಚ್ಚೆ ಹೊಯ್ದ ಜಾಗಕ್ಕೆ ಎಳ್ಕೊಂಡು ಹೋಗಿ ಮೂತಿ ತಿಕ್ಕಿ, ಪೇಪರ್ ಸುತ್ತಿ ಎರಡು ಬಿಗೀರಿ, ಆಮೇಲೆ ನೋಡಿ" ಎಂದಿರಿ. ಹಾಗೆ ಪಾಠವಾದ ಒಂದು ಮರಿಯನ್ನು ಪರಿಚಿತರ ಮನೆಯಲ್ಲಿ ನೋಡಿದ್ದೇನೆ. ಪಾಠ ಚೆನ್ನಾಗಿಯೇ ತಲೆಗೆ ಹತ್ತಿತ್ತು: ಈ ಮನುಷ್ಯರ ಕಣ್ಣೆದುರಿಗೆ ಹೊಯ್ಯಕೂಡದು. ಯಜಮಾನರು ಬೀದಿಯಲ್ಲಿ ಎಷ್ಟು ಹೊತ್ತು ನಿಂತರೂ ಅವರ ಮುಖವನ್ನೇ ನೋಡುತ್ತ ಬಿಗಿಹಿಡಿದಿರುತ್ತಿತ್ತು. ಮನೆಗೆ ಮರಳಿ ಅವರು ಚಪ್ಪಲಿ ಬಿಡುವಷ್ಟರಲ್ಲಿ ಮಂಚದಡಿ ನುಗ್ಗಿ ಹಗುರಾಗುತ್ತಿತ್ತು. ಪರಮ ಶಿಸ್ತಿನ ಪ್ರಾಣಿ.

"ತಲೆ ತಗ್ಗಿಸ್ತು ನೋಡಿ, ತಪ್ಪು ಗೊತ್ತಾಗಿದೆ ಅದಕ್ಕೆ" ಎಂಬ ನಿಮ್ಮ ಮನಶ್ಶಾಸ್ತ್ರಕ್ಕೂ ನಮಸ್ಕಾರ. 2009ರಲ್ಲಿ ನ್ಯೂಯಾರ್ಕಿನ ನಾಯಿವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷಿಸಿ ನೋಡಿದರು. ಬೇಡವೆಂದ ತಿಂಡಿಯನ್ನು ನಾಯಿ ತಿಂದಿತ್ತೋ ಇಲ್ಲವೋ, ಆ ಅಪರಾಧಿ ಮುಖ ಮೂಡುತ್ತಿದ್ದದ್ದು ಯಜಮಾನರು ಗದರಿದಾಗ. ತಿನ್ನದೇ ಬೈಸಿಕೊಂಡ ನಾಯಿಗಳದ್ದೇ ಹೆಚ್ಚು ಪೆಚ್ಚುಮುಖ! ನಮ್ಮ ಕಚೇರಿಗಳಲ್ಲಿ ಇದಕ್ಕೆ ಪ್ರಯೋಗವೇ ಬೇಕಿರಲಿಲ್ಲ.

ಎರಡು ತಿಂಗಳ ಮರಿಯ ಮೂತ್ರಕೋಶಕ್ಕೆ ನಿಮ್ಮ ನೈತಿಕತೆ ಇನ್ನೂ ತಲುಪಿಲ್ಲ. ಎದ್ದ ಕೂಡಲೇ, ಉಂಡ ಸ್ವಲ್ಪ ಹೊತ್ತಿಗೆ, ಆಟದ ನಡುವೆ ಅದು ಹೊಯ್ಯಲೇಬೇಕು. ವಯಸ್ಸಿನ ಒಂದೊಂದು ತಿಂಗಳಿಗೆ ಒಂದು ಗಂಟೆಯಂತೆ ತಡೆದುಕೊಳ್ಳುತ್ತದೆ ಎಂಬುದು ಸಾಕುವವರ ಅಂದಾಜು ಲೆಕ್ಕ. ಅದೂ ಮರಿ ಸುಮ್ಮನಿದ್ದರೆ. ಹಾಗಾಗಿ ಸದ್ಯ ತರಬೇತಿ ನಡೆಯುತ್ತಿರುವುದು ನನಗೆ. ಹಾಲ್‌ನಲ್ಲಿ ಅದು ಓಡುವುದನ್ನು ನಿಲ್ಲಿಸಿ, ಮೂಗು ನೆಲಕ್ಕೆ ತಾಗಿಸಿ, ಒಂದೇ ಕಡೆ ಗಿರಗಿರ ಸುತ್ತತೊಡಗಿದರೆ ಮಾತು ಅರ್ಧಕ್ಕೆ ಬಿಟ್ಟು, ಮರಿಯನ್ನೆತ್ತಿಕೊಂಡು ಬಾಲ್ಕನಿಗೆ ಓಡುತ್ತೇನೆ. ಅಲ್ಲಿ ಹಾಸಿದ ಭಾನುವಾರದ ಪುರವಣಿಯ ಮೇಲೆ ಕೆಲಸ ಮುಗಿದ ಮರುಕ್ಷಣವೇ ಹೊಗಳಿಕೆ, ಒಂದು ಚೂರು ಬೇಯಿಸಿದ ಚಿಕನ್. ಒಳಗೆ ಬಂದು ಫ್ರಿಜ್ ತೆಗೆದು ಕೊಟ್ಟರೆ, ಫ್ರಿಜ್ ಹತ್ತಿರ ಬಂದದ್ದಕ್ಕೆ ಬಹುಮಾನ ಸಿಕ್ಕಿತೆಂದುಕೊಳ್ಳುತ್ತದೆ.

"ಬೀದಿಗೆ ಬಿಡಬಾರದೇ?" ಎಂದವರಿಗೆ: ಮರಿಗಳನ್ನು ಕಾಡುವ ಪಾರ್ವೊ ರೋಗದ ಲಸಿಕೆಯ ಕಂತುಗಳು ಮುಗಿಯುವವರೆಗೆ ಬೀದಿಯ ಮಣ್ಣು ಮೂಸಗೊಡಬೇಡಿ ಎನ್ನುತ್ತಾರೆ ವೈದ್ಯರು. ಒಳಗೆ ಹೊಯ್ಯಬಾರದು ಎನ್ನುತ್ತೀರಿ ನೀವು. ಇಬ್ಬರ ಮಾತನ್ನೂ ಮರಿಗೆ ತಲುಪಿಸಿದ್ದೇನೆ. ಇನ್ನು, ಫಿನಾಯಿಲ್ ಸುರಿಯಿರಿ ಎಂದವರು ದಯವಿಟ್ಟು ಗಮನಿಸಿ: ಅದರ ಘಾಟಿಗೆ ಸೋಲುವುದು ನಮ್ಮ ಮೂಗು, ನಾಯಿಯದಲ್ಲ. ಉಚ್ಚೆಯ ವಾಸನೆ ಉಳಿದಲ್ಲಿ ಅದು ಮತ್ತೆ ಹೊಯ್ಯುತ್ತದೆ. ಮೇಲಾಗಿ, ಪಾದಕ್ಕಂಟಿದ ಫಿನಾಯಿಲನ್ನು ನೆಕ್ಕಿಕೊಂಡರೆ ಅದು ವಿಷ. ವಾಸನೆಯನ್ನೇ ಒಡೆಯುವ ಕಿಣ್ವದ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ.

ಶಿಸ್ತಿನ ಬಗ್ಗೆ ಅತಿ ದೀರ್ಘವಾಗಿ ಮಾತಾಡಿದ ಮಹನೀಯರೊಬ್ಬರು ಕೆಳಗಿಳಿದು ಹೋಗಿ, ಸ್ಕೂಟರ್ ನಿಲ್ಲಿಸಿ, ನಮ್ಮ ರಸ್ತೆಯ ಮೂಲೆಯ ಕಾಂಪೌಂಡಿಗೆ ಮುಖಮಾಡಿ ನಿಂತದ್ದು ಬಾಲ್ಕನಿಯಿಂದ ನಮ್ಮಿಬ್ಬರಿಗೂ ಕಂಡಿತು. ಅವರಂಥವರಿಗಾಗಿ ನಾವು ಗೋಡೆ ಗೋಡೆಗೆ ಗಣಪತಿ, ಏಸು, ಮೆಕ್ಕಾದ ಟೈಲ್ಸ್ ಅಂಟಿಸಿದ್ದೇವೆ. 2020ರ ಜನವರಿಯಲ್ಲಿ ಬೆಂಗಳೂರಿನ ಆಗಿನ ಪಾಲಿಕೆಯಾದ ಬಿಬಿಎಂಪಿ ಕೆ.ಆರ್. ಮಾರುಕಟ್ಟೆ, ಚರ್ಚ್ ಸ್ಟ್ರೀಟ್ ಮುಂತಾದೆಡೆ ಆಳೆತ್ತರದ ಕನ್ನಡಿಗಳನ್ನೇ ನಿಲ್ಲಿಸಿತು, ತಮ್ಮನ್ನು ತಾವು ನೋಡಿಕೊಂಡಾದರೂ ನಾಚಿಕೊಳ್ಳಲಿ ಎಂದು. ಮೂತಿ ತಿಕ್ಕುವ ಪ್ರಸ್ತಾಪ ಅಲ್ಲಿ ಯಾರಿಂದಲೂ ಬಂದಂತಿಲ್ಲ.

ಕೊನೆಯದಾಗಿ, ನಿಮ್ಮಲ್ಲೊಬ್ಬರ ಸಾಕ್ಸ್ ಒದ್ದೆಯಾದ ವಿಷಯ. ಅಪರಿಚಿತರು ಮೈಮೇಲೆ ಬಗ್ಗಿ, ಗಟ್ಟಿ ದನಿಯಲ್ಲಿ "ಏನೋ ಮರೀ" ಎಂದು ಎರಡೂ ಕೈ ಚಾಚಿದರೆ ಎಳೆಯ ಮರಿಗಳು ಅಳುಕಿನಿಂದಲೋ ಖುಷಿಯಿಂದಲೋ ನಿಂತಲ್ಲೇ ಹೊಯ್ದುಬಿಡುತ್ತವೆ. ಮುಂದಿನ ಸಲ ಬಂದಾಗ ಅದನ್ನು ಕಾಣದವರಂತೆ ನೇರ ಬಂದು ಕುರ್ಚಿಯಲ್ಲಿ ಕೂರಿ. ಅದೇ ಬಂದು ಮೂಸಿ ಹೋಗುತ್ತದೆ. ಸಲಹೆ ಇನ್ನೂ ಉಳಿದಿದ್ದರೆ, ಅದು ಮಲಗಿದ ಮೇಲೆ, ಮೆಲುದನಿಯಲ್ಲಿ ಕೊಡಿ.

ಇತಿ,
ನೆಲ ಒರೆಸುವ ಬಟ್ಟೆಯ ಸಮೇತ ನಿಮ್ಮ ವಿಧೇಯ