ಅಮೆರಿಕಾಗಮನ ಮೀಮಾಂಸೆ: ಒಂದು ಬಹುಶಿಸ್ತೀಯ ಪ್ರವೇಶಿಕೆ

ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ವೀಸಾವನ್ನು ಅಸ್ತಿತ್ವದ ಪೂರ್ವಶರತ್ತಾಗಿ ಪರಿಭಾವಿಸುವುದು ಈ ಪ್ರಬಂಧದ ಆಶಯ. ಈ ಚೌಕಟ್ಟನ್ನು ಜಯನಗರದ ಸಲಹಾ ಕೇಂದ್ರವೊಂದು ಪ್ರೊಜೆಕ್ಟರ್ ಹಾಕಿ ಬೋಧಿಸಿತು. ಬೋಧನಾ ಶುಲ್ಕದಲ್ಲಿ ಒಂದು ಸಮೋಸಾ ಸೇರಿತ್ತು.

ಪ್ರಥಮ ಘಟ್ಟ, ನಾಮಲೋಪ. ಎಷ್ಟೋ ಕನ್ನಡಿಗರಿಗೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಉಂಟು, ಸರ್‌ನೇಮ್ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಅದೇ ಸರ್‌ನೇಮಾಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಹೆಸರು ಗೊತ್ತಿಲ್ಲ, ಎಂದು ಅಚ್ಚಾಗುತ್ತದೆ. ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆ ಕಿವಿಯಲ್ಲಿ ಮೂರು ಸಲ ಹೇಳಿದ್ದು ದಾಖಲೆಗೆ ಸಿಕ್ಕಿಲ್ಲ.

ದ್ವಿತೀಯ ಘಟ್ಟ, ಪುನರಾಗಮನ ಸಂಕಲ್ಪ. ಓದಲೋ ನೋಡಲೋ ಹೊರಟವನು ಅಲ್ಲೇ ಉಳಿಯುವ ಹುನ್ನಾರದವನೆಂಬುದು ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮಿನ ಪೂರ್ವಪಕ್ಷ. ಅದನ್ನು ಅರ್ಜಿದಾರ ಗಾಜಿನ ಕಿಟಕಿಯೆದುರು ಎರಡು ಮೂರು ನಿಮಿಷದಲ್ಲಿ ಖಂಡಿಸಬೇಕು. ಪಹಣಿ, ಎಫ್‌ಡಿ ರಸೀದಿ, ಸಿಎ ಸರ್ಟಿಫಿಕೇಟು ಎಲ್ಲ ಫೈಲಿನಲ್ಲಿರುತ್ತವೆ. ಅಧಿಕಾರಿ ಫೈಲು ತೆರೆ ಎನ್ನುವುದೇ ಇಲ್ಲ. ವೀಸಾ ನಿರಾಕರಿಸಿದರೂ ಕಟ್ಟಿದ 185 ಡಾಲರ್ ಶುಲ್ಕ ವಾಪಸಿಲ್ಲ. ಪ್ರಾಯಶ್ಚಿತ್ತ: ಹೈದರಾಬಾದ್ ಬಳಿಯ ಚಿಲ್ಕೂರು ಬಾಲಾಜಿ. ಬೇಡಿಕೊಳ್ಳುವಾಗ 11 ಪ್ರದಕ್ಷಿಣೆ, ಸಿಕ್ಕ ಮೇಲೆ 108. ಕೆಲಸವಾದ ಮೇಲೆ ಬಾಕಿ ಕೊಡಿ ಎನ್ನುವ ಕೌಂಟರ್ ಇದೊಂದೇ.

ತೃತೀಯ ಘಟ್ಟ, ಎಚ್-1ಬಿ ಎಂಬ ಕೆಲಸದ ವೀಸಾ: ವರ್ಷಕ್ಕೆ 85,000, ಚೀಟಿ ಎತ್ತುವುದು. ಮಿಕ್ಕ ಘಟ್ಟಗಳನ್ನು ಕೈಬಿಟ್ಟಿದ್ದೇನೆ. ಇಷ್ಟು ಘಟ್ಟ ಶಿರಾಡಿಯಲ್ಲೂ ಇಲ್ಲ.

ಇನ್ನು ಗ್ರೀನ್ ಕಾರ್ಡ್. 1990ರ ಕಾಯ್ದೆಯಂತೆ ಯಾವ ದೇಶದಲ್ಲಿ ಹುಟ್ಟಿದವರಿಗೂ ಶೇ. 7ರ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಇದಕ್ಕೆ ಸಮಾನತೆ ಎಂದು ಹೆಸರು! ಯಾವ ತಾರೀಖಿನ ಅರ್ಜಿಯವರೆಗೆ ಸರದಿ ಬಂದಿದೆಯೆಂದು ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ಹೇಳುತ್ತದೆ. ತಾರೀಖು ಒಮ್ಮೊಮ್ಮೆ ಹಿಂದಕ್ಕೂ ಸರಿಯುತ್ತದೆ. ಗ್ರಹಗಳಿಗಾದರೆ ವಕ್ರಗತಿ ಮುಗಿಯುವ ದಿನ ಇರುತ್ತದೆ. ಇಲ್ಲಿ ಅದಿಲ್ಲ. ಕಾಯುವವರು ತೆರಿಗೆ ಕಟ್ಟುತ್ತಾರೆ, ಮನೆಸಾಲ ತೀರಿಸುತ್ತಾರೆ, ಊರಲ್ಲಿ ಅಮ್ಮ ತೀರಿಕೊಂಡರೆ ಹೋಗಿ ಬರಲು ವೀಸಾ ಸ್ಟಾಂಪಿಂಗ್ ಸಿಗುತ್ತದೋ ಇಲ್ಲವೋ ಎಂದು ವಕೀಲರಿಗೆ ಫೋನು ಮಾಡುತ್ತಾರೆ.

ಎರಡು ವರ್ಷದ ಕೂಸಾಗಿ ಅಲ್ಲಿಗೆ ಹೋದ ಮಗಳಿಗೆ ಅಮೆರಿಕದ ಲೆಕ್ಕದಲ್ಲಿ 21 ತುಂಬಿತೋ, ಅಪ್ಪನ ಅರ್ಜಿಯಿಂದ ಹೆಸರು ಬಿತ್ತು. ಅಲ್ಲೇ ಓದು ಮುಂದುವರಿಸಲು ಅವಳು ಸ್ಟೂಡೆಂಟ್ ವೀಸಾ ಕೇಳಬೇಕು. ಓದು ಮುಗಿದ ಮೇಲೆ ಊರಿಗೆ ವಾಪಸ್ ಹೋಗುತ್ತೇನೆಂದು ನಂಬಿಸಬೇಕು. ಯಾವ ಊರಿಗೆ? ಅಪ್ಪ ಫೈಲಿನಲ್ಲಿಟ್ಟುಕೊಂಡು ಹೋಗಿದ್ದ ಪಹಣಿಯ ಜಮೀನು ಅವಳ ಕಾಲೇಜು ಫೀಸಿಗೆ ಮಾರಿಹೋಗಿದೆ.