ಮಳಿ ಹೊಡಿಬ್ಯಾಡ್ರಿ ಕಾಕಾ

ಬೀದರಿನ ಹಳೇ ಊರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಕಾಕಾ ಗೊತ್ತು. ಕೀಲಿ ಕೈಗಿಡುವ ಮೊದಲೇ ಅವರ ಮಂತ್ರ ಶುರು: "ಮನಿ ನಿಮ್ದೇ ಅಂತ ತಿಳಕೋರಿ. ಆದ್ರ ಗ್ವಾಡಿಗಿ ಮಳಿ ಹೊಡಿಬ್ಯಾಡ್ರಿ." ಹೀಗಾಗಿ ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೆ ಜೋತುಬಿದ್ದಿದೆ, ದೇವರು ಫ್ರಿಜ್ಜಿನ ಮೇಲೆ ಕೂತಿದ್ದಾನೆ.

ವೈಫೈ ಬಂತು, ಪೇಚಾಟವೂ ಬಂತು. ರೂಟರನ್ನು ಮನೆ ನಡುವೆ, ಎತ್ತರಕ್ಕೆ, ಮರೆಯಿಲ್ಲದ ಕಡೆ ಇಡಬೇಕು. ಎತ್ತರಕ್ಕೆ ಮೊಳೆ ಬೇಕು. ಹಾಗಾಗಿ ಅದು ಕಿಟಕಿ ಪಕ್ಕ, ಕಾಕಾನ ಕಬ್ಬಿಣದ ಅಲಮಾರಿಯ ಹಿಂದೆ ಸೇರಿತು. ಗೋಡೆಯೋ ಈ ನೆಲದ ಕೆಂಪು ಮುರಕಲ್ಲಿನದು, ಒಂದೂವರೆ ಮೊಳ ದಪ್ಪ. 5 ಗಿಗಾಹರ್ಟ್ಸಿನ ಅಲೆಗೆ ವೇಗವುಂಟು, ಗೋಡೆ ಕಂಡರೆ ಜೀವವಿಲ್ಲ. 2.4ರದ್ದು ನಿಧಾನ, ಹೇಗೋ ನುಸುಳುತ್ತದೆ. ನಮ್ಮಲ್ಲಿ ಅದೂ ಅಡುಗೆಮನೆ ಹೊಸ್ತಿಲಲ್ಲಿ ಪ್ರಾಣ ಬಿಡುತ್ತಿತ್ತು.

"ಕಾಕಾ, ವೈರ್ ಎಳಿಲಾಕ ಒಂದು ಸಣ್ಣ ತೂತು..."

"ತೂತಾ! ನಮ್ಮಪ್ಪ ಕಟ್ಟಿದ ಗ್ವಾಡಿರಿ ಇದು!"

ಬಹಮನಿಯರ ಕಾಲದಲ್ಲಿ ಇದೇ ಮುರಕಲ್ಲನ್ನು ನೆಲದಡಿ ಕೊರೆದು, ನೀರಿಗಾಗಿ ನೌಬಾದಿನಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಕರೇಜ್ ಸುರಂಗ ಮಾಡಿದರು. ಪುಣ್ಯವಂತರು, ಬಾಡಿಗೆಗಿರಲಿಲ್ಲ.

ಪಾಸ್‌ವರ್ಡ್ ಮಾತು ಬಂದರೆ ಮಾತ್ರ ಕಾಕಾಗೆ ನಿಮ್ಮದು, ನಮ್ಮದು ಎಂಬ ಭೇದವಿಲ್ಲ. "ಮೊಮ್ಮಗ ಭಾಲ್ಕಿಯಿಂದ ಬಂದಾನ, ಜರಾ ಪಾಸ್‌ವರ್ಡ್ ಹೇಳ್ರಿ." ಭಾನುವಾರ ಔರಾದಿನ ಅಳಿಯ ಹಾಜರ್. ಕಿಟಕಿಯಾಚೆಯ ಕಟ್ಟೆ ಮೇಲೆ ಮೂವರೂ ಸಾಲಾಗಿ ಕೂತರೆ, "ನೆಟ್ ಭಾಳ ಛಂದ ಬರ್ಲತದ ನೋಡ್ರಿ" ಎಂಬ ಪ್ರಶಂಸೆ ಬೇರೆ. ಬಿಲ್ಲು ನನ್ನದು.

ಒಂದು ರಾತ್ರಿ ರೂಟರನ್ನು ಒಳಬಾಗಿಲ ಬಳಿ ಸ್ಟೂಲಿನ ಮೇಲಿಟ್ಟೆ. ಅಡುಗೆಮನೆಗೆ ಜೀವ ಬಂತು. ಕಟ್ಟೆ ಕತ್ತಲಾಯಿತು.

ಬೆಳಿಗ್ಗೆ ಬಾಗಿಲಲ್ಲಿ ಕಾಕಾ, ಕೈಯಲ್ಲಿ ಸುತ್ತಿಗೆ. "ಅಳಿಯಂದು ಮ್ಯಾಚ್ ನಿಂತದರಿ. ಮಳಿ ಎಲ್ಲಿ ಹೊಡಿಬೇಕು ಹೇಳ್ರಿ!" ನಡುಬಾಗಿಲ ಮೇಲೆ ಅವರೇ ಹೊಡೆದರು, ಅವರಪ್ಪನ ಗೋಡೆಗೇ. ಈಗ ಒಳಗೂ ಸಿಗ್ನಲ್, ಕಟ್ಟೆಗೂ ಸಿಗ್ನಲ್.

ಸಮಯ ನೋಡಿ ಕೇಳಿದೆ: "ಕಾಕಾ, ಕ್ಯಾಲೆಂಡರಿಗೂ ಒಂದು ಮಳಿ?"

"ಅದಕ್ಯಾಕ್ರಿ? ಮೊಬೈಲಿನಾಗ ಇರ್ತದಲ್ಲ!"

ಬಾಡಿಗೆದಾರ ಬಂಧುಗಳೇ, ರೂಟರ್ ಎಲ್ಲಿಡಬೇಕೆಂದು ತಲೆ ಕೆಡಿಸಿಕೊಳ್ಳುವ ಮೊದಲು ಮಾಲೀಕರು ಎಲ್ಲಿ ಕೂಡುತ್ತಾರೆ ನೋಡಿಕೊಳ್ಳಿ.